ಪರದೆಯ ಮೇಲಿನ ಏಡಿಹೆಜ್ಜೆ

ಅತ್ತೆ ಮಂಕಾಳಿ ಬಾಯಿ ಬಿಟ್ಟು ನಾಲ್ಕು ಮಾತು ಬೈದುಬಿಟ್ಟಿದ್ದರೆ ನಾಗವೇಣಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಸೊಸೆ ಗಂಜಿಯ ಪಾತ್ರೆಗೆ ಕೈ ಹಾಕಿದರೆ ಸಾಕು, "ಬಿಡು ಬಿಡು, ನಾ ಇಳಸ್ತೆ" ಎಂದು ಓಡಿಬಂದು ತಾನೇ ಇಳಿಸುತ್ತಿದ್ದಳು. ಬಾವಿಯ ಕೊಡವನ್ನೂ ಅವಳೇ ಎತ್ತುವಳು. ಮೀನು ಹೆಚ್ಚುವ ಮೆಟ್ಟುಗತ್ತಿಯಂತೂ ಹತ್ತು ದಿನದಿಂದ ಸೊಸೆಯ ಕಣ್ಣಿಗೇ ಬಿದ್ದಿರಲಿಲ್ಲ. ಎಪ್ಪತ್ತಾರರ ಮುದುಕಿ ಐವತ್ತೊಂದರ ಹೆಂಗಸಿನ ಕೈಯಿಂದ ಲೋಟ ಕಿತ್ತುಕೊಳ್ಳುವುದೆಂದರೆ! ನಾಗವೇಣಿ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಾಡತೊಡಗಿದಳು.

ಊರಿನವರ ಲೆಕ್ಕದಲ್ಲಿ ಎಲ್ಲಕ್ಕೂ ಕಾರಣ ಆ ಕೈ. ಹತ್ತು ದಿನದ ಹಿಂದೆ, ಜ್ಯೇಷ್ಠದ ಹುಣ್ಣಿಮೆಯ ದಿನ, ಆ ಕೈ ಕಡಲಗಟ್ಟಿನ ಬಾಗಿಲುಗಳನ್ನೆಲ್ಲ ಒಮ್ಮೆಗೇ ತೆರೆದಿತ್ತು. ಉಬ್ಬರದ ಉಪ್ಪುನೀರು ಹೊಳೆಬಾಯಿಯ ತಗ್ಗುನೆಲವಾದ ಹಳೆಗಜನಿಯ ಗದ್ದೆಗಳಿಗೆ ನುಗ್ಗಿ, ಆಗಷ್ಟೇ ಬಿತ್ತಿದ್ದ ಕಗ್ಗದ ಮೊಳಕೆಯೆಲ್ಲ ಸತ್ತುಹೋಯಿತು. ಕಗ್ಗ ಉಪ್ಪಿಗೆ ಹೆದರುವ ಭತ್ತವಲ್ಲ, ನಿಜ. ಆದರೆ ಅದು ಬೆಳೆದ ಮೇಲಿನ ಮಾತು. ಮೊಳಕೆಯಲ್ಲಿ ಅದೂ ಹಸುಗೂಸೇ. ಸತ್ತದ್ದರಲ್ಲಿ ಮಂಕಾಳಿಯ ಗದ್ದೆಯದೂ ಇತ್ತು.

ಕಡಲು ಏರುತ್ತ ಏರುತ್ತ ಹೊಳೆಬಾಯಿಯ ಊರುಗಳನ್ನು ನುಂಗಲು ಬಂದಾಗ ಕಟ್ಟಿದ ಗೋಡೆ ಈ ಕಡಲಗಟ್ಟು. ಹಿಂದೆ ಗಜನಿಯ ಗದ್ದೆಗೆ ಮರದ ಹಲಗೆಯ ಬಾಗಿಲಿರುತ್ತಿತ್ತು. ಉಬ್ಬರಕ್ಕೆ ಹಲಗೆ ಇಳಿಸುವುದು, ಇಳಿತಕ್ಕೆ ಎತ್ತುವುದು. ಈಗ ಅದೇ ಕೆಲಸಕ್ಕೆ ಉಕ್ಕಿನ ಬಾಗಿಲುಗಳಿವೆ. ಮೊದಲು ಇನ್ನೂರಿಪ್ಪತ್ತು ಇದ್ದವು. ಈ ವರ್ಷ ತೆಂಕಣ ತುದಿಯಲ್ಲಿ ಹದಿನಾರು ಹೊಸವು ಸೇರಿದವು. ಎಲ್ಲವನ್ನೂ ಆಡಿಸುವುದು ಗಟ್ಟಿನ ಮೇಲಿರುವ ನಿಯಂತ್ರಣ ಕೋಣೆ.

ಆ ಕೋಣೆಯ ಪರದೆಯಲ್ಲಿ ಚಿತ್ರವಿಲ್ಲ. ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಒಂದು ಕಾಲದಲ್ಲಿ ಪರದೆಯೆಂದರೆ ಬಣ್ಣಬಣ್ಣದ ಚಿತ್ರ. ಆಮೇಲೆ ಯಾರು ಬೇಕಾದರೂ ಯಾವ ಚಿತ್ರ ಬೇಕಾದರೂ ಹುಟ್ಟಿಸಬಹುದೆಂಬ ಕಾಲ ಬಂತು. ಒಣಗಿದ ಅಣೆಕಟ್ಟು ತುಂಬಿದಂತೆ ಕಂಡಿತು, ಎದುರು ಬರುವ ರೈಲು ಕಾಣದೇ ಹೋಯಿತು. ಸತ್ತವರೆಷ್ಟೋ. ಕೊನೆಗೆ ಕಾನೂನು ಬಂತು: ನೀರು, ಕರೆಂಟು, ರೈಲು, ಈ ಮೂರನ್ನು ಆಳುವ ಪರದೆಗಳಲ್ಲಿ ಅಕ್ಷರ ಮಾತ್ರ ಇರಬೇಕು. ಅಕ್ಷರ ಒಂದೊಂದಕ್ಕೂ ಮೊಹರು ಹಾಕಿ ಪರೀಕ್ಷಿಸಬಹುದು, ಚಿತ್ರಕ್ಕೆ ಆಗುವುದಿಲ್ಲ. ಹೀಗೆ ಅಜ್ಜಂದಿರ ಕಾಲದ ಕಪ್ಪು ಪರದೆ, ಟರ್ಮಿನಲ್ಲು, ಮತ್ತೆ ಮೇಜಿನ ಮೇಲೆ ಬಂದು ಕೂತಿತು.

ಆದರೆ ಮೌಸ್ ಹಿಡಿದು ಬೆಳೆದ ಕೈಗಳು ಬರೀ ಕೀಲಿಮಣೆಗೆ ಒಗ್ಗಲಿಲ್ಲ. ಅದಕ್ಕೊಂದು ರಾಜಿಯಾಯಿತು. ಪರದೆಯನ್ನು ಚೌಕ ಚೌಕವಾಗಿ ಗೀರಿದಂತೆ ಎಣಿಸಿ, ನೀವು ಯಾವ ಚೌಕದ ಮೇಲೆ ಒತ್ತಿದಿರೋ ಅದನ್ನು ಟರ್ಮಿನಲ್ಲು ಅಕ್ಷರದಲ್ಲೇ ಬರೆದು ಪ್ರೋಗ್ರಾಮಿಗೆ ಕಳಿಸುತ್ತದೆ. ಮೌಸಿನ ಎಷ್ಟನೇ ಗುಂಡಿ, ಎಡದಿಂದ ಎಷ್ಟನೇ ಚೌಕ, ಮೇಲಿನಿಂದ ಎಷ್ಟನೇ ಸಾಲು, ಒಂದಕ್ಕೊಂದು ಅಕ್ಷರದಂತೆ ಮೂರೇ ಅಕ್ಷರ. ಪ್ರೋಗ್ರಾಮು ಅದನ್ನು ಓದಿಕೊಂಡು ಬಾಗಿಲು ಆಡಿಸುತ್ತದೆ.

ಕಡಲಗಟ್ಟಿನ ಪರದೆ ಮೂರು ಮೊಳ ಅಗಲ. ಎಡತುದಿಯ ಮೂರು ಚೌಕದಲ್ಲಿ 'ಎಲ್ಲ' ಎಂದು ಬರೆದಿದೆ, ಬಿರುಗಾಳಿ ಬಂದಾಗ ಎಲ್ಲ ಬಾಗಿಲನ್ನೂ ಒಟ್ಟಿಗೆ ಆಡಿಸಲು. ನಾಲ್ಕನೆಯ ಚೌಕದಿಂದ ಒಂದೊಂದು ಚೌಕಕ್ಕೆ ಒಂದೊಂದು ಬಾಗಿಲು.

ಅಂದು ಹುಣ್ಣಿಮೆಯ ಉಬ್ಬರ ಹನ್ನೊಂದೂ ಮುಕ್ಕಾಲಿಗಿತ್ತು. ಹೊಸ ಬಾಗಿಲುಗಳ ಹಿಂದೆ ಸಿಗಡಿ ಕೆರೆಗಳಿವೆ, ಅವಕ್ಕೆ ಉಪ್ಪುನೀರೇ ಬೇಕು. ನಾಗವೇಣಿ ತೆರೆಯಬೇಕಿದ್ದದ್ದು ಇನ್ನೂರಿಪ್ಪತ್ತೊಂಬತ್ತನೆಯ ಬಾಗಿಲು, ಅದೊಂದೇ. ಕಡಲಗಟ್ಟಿನವರಿಗೆ ಮೊದಲ ದಿನವೇ ಕಲಿಸುವ ಪಾಠವೊಂದಿದೆ: ಕೈ ಮೌಸಿನ ಮೇಲೆ, ಕಣ್ಣು ನೀರಿನ ಮೇಲೆ. ಪರದೆ ಏನೇ ಹೇಳಲಿ, ಉಬ್ಬರದ ಹೊತ್ತಿಗೆ ಕಿಟಕಿಯಾಚೆ ನೀರಲ್ಲಿ ನಿಂತ ಅಳತೆಗಂಬವನ್ನೇ ನೋಡುತ್ತಿರಬೇಕು. ನಾಗವೇಣಿ ಹತ್ತೊಂಬತ್ತು ವರ್ಷ ಹಾಗೇ ಮಾಡಿದವಳು. ಅಂದೂ ಮೌಸಿನ ಬಾಣವನ್ನು ಬಲತುದಿಗೆ ಒಯ್ದಳು, ಕಣ್ಣನ್ನು ಕಂಬಕ್ಕೆ ನೆಟ್ಟಳು, ಒತ್ತಿದಳು. 'ತೆರೆಯಲೇ?' ಎಂದು ಗಂಟೆ ಬಡಿಯಿತು. ಎಡಗೈ 'ಹೌದು' ಒತ್ತಿತು. ಕಂಬದ ಬುಡದಲ್ಲಿ ನೀರು ಕುಸಿದದ್ದನ್ನು ಮೊದಲು ಕಂಡವಳೂ ಅವಳೇ. ಇನ್ನೂರ ಮೂವತ್ತಾರು ಬಾಗಿಲೂ ಏಳುತ್ತಿದ್ದವು. ಮತ್ತೆ ಮುಚ್ಚುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿತ್ತು.

ತನಿಖೆಗೆ ಬಂದವರು ಅನಸೂಯಾ ಮಿರ್ಜಿ ಎಂಬ ಇಂಜಿನಿಯರು, ಧಾರವಾಡದ ಕಡೆಯವರು. ಜೋರು ದನಿ, ಆದರೆ ಎದುರಿಗಿದ್ದವರ ಮಾತು ಮುಗಿಯುವ ತನಕ ಕಾಯುವ ಹೆಂಗಸು.

"ನೀವು ಬಾಣ ಬಲಕ್ಕ ಒಯ್ದಿದ್ದು ಖರೇ ನೆನಪೈತೇನ್ರಿ?" ಎಂದು ಕೇಳಿದ್ದರು.

ನೆನಪಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಸಾವಿರ ಸಲ ಮಾಡಿದ ಕೆಲಸವನ್ನು ಅಂದು ಮಾಡಿದ್ದೆ ಎಂದು ಆಣೆಯಿಟ್ಟು ಹೇಳುವುದು ಹೇಗೆ? ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವುದಿಲ್ಲವೇ ನಾವು? ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಅಳೆದರು. ಸಣ್ಣ ನಡುಕವಿದೆ ಎಂದು ಬರೆದುಕೊಟ್ಟರು. ಇತ್ತು, ಸುಳ್ಳಲ್ಲ. ನಾಲ್ಕೈದು ವರ್ಷದಿಂದಲೂ ಇತ್ತು, ಅವಳೇ ಗಮನಿಸಿರಲಿಲ್ಲ. ದಾಖಲೆಯೂ ಅದಕ್ಕೆ ಹೊಂದಿತು: ಹನ್ನೊಂದು ನಲವತ್ತಾರಕ್ಕೆ 'ಎಲ್ಲ' ಎಂಬುದರ ಮೇಲೆ ಒತ್ತು. ಅಂದರೆ ಬಾಣ ಎಡತುದಿಯಲ್ಲೇ ಇತ್ತು, ಕಣ್ಣು ಎಲ್ಲೋ ಇತ್ತು, ನಡುಗಿದ ಬೆರಳು ಒತ್ತಿಬಿಟ್ಟಿತು. ಶುಕ್ರವಾರ ಕೊನೆಯ ವಿಚಾರಣೆ. ಅಲ್ಲಿ ಅವಳಿಂದ ಕುರ್ಚಿ ಹೋಗುವುದು ಬಹುತೇಕ ಗೊತ್ತಾಗಿತ್ತು.

ಕುರ್ಚಿ ಹೋದರೆ ಹೋಗಲಿ, ಏಡಿ ಹಿಡಿದಾದರೂ ಬದುಕಬಹುದು. ಅವಳನ್ನು ತಿಂದದ್ದು ಬೇರೆ. ತನ್ನ ಕೈ ತನ್ನದಲ್ಲವೇನೋ ಎಂಬ ಅನುಮಾನ ಒಳಗೆ ಹೊಕ್ಕಿತ್ತು. ಚಹಾ ಕುಡಿಯುವಾಗ ಲೋಟವನ್ನೇ ನೋಡುವಳು. ನೋಡಿದಷ್ಟೂ ನಡುಗುವುದು. ಗಂಡ ದಾಮೋದರ ಆಳಸಮುದ್ರದ ಬೋಟಿನಿಂದ ಫೋನು ಮಾಡಿ, "ಹೆದರಬೇಡ, ಹುಷಾರಾಗ್ತದೆ" ಎಂದ. ಕಾಯಿಲೆಯೇ ಕಾರಣ ಎಂದು ಅವನೂ ಒಪ್ಪಿಬಿಟ್ಟಿದ್ದ! ಆ ದಿನ ಅವಳಿಗೆ ಅಳು ಬಂತು.

ಬುಧವಾರ ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದಳು. ತನಿಖೆ ಮುಗಿಯುವ ತನಕ ಅವಳಿಗೆ ಬಾಗಿಲುಗಳ ಸಹವಾಸ ಬೇಡವೆಂದು ತಾಲೀಮಿನ ಕೋಣೆಯಲ್ಲಿ ಕೂರಿಸಿದ್ದರು. ಅಲ್ಲಿಯೂ ಅಷ್ಟೇ ಅಗಲದ ಪರದೆ, ಅದೇ ಪ್ರೋಗ್ರಾಮಿನ ಪ್ರತಿ, ಆದರೆ ಯಾವ ಬಾಗಿಲಿಗೂ ತಂತಿಯಿಲ್ಲ. ಹೊಸಬರು ಕಲಿಯಲೆಂದು ಇಟ್ಟದ್ದು. ಮಳೆಯ ಅಳತೆಗಳನ್ನು ಅದರಲ್ಲಿ ತುಂಬಿಸುವುದು ಅವಳ ಕೆಲಸ. ಆ ಹಳೆಯ ಯಂತ್ರ ದಿನಕ್ಕೆ ಮೂರು ಸಲ ಸಾಯುತ್ತಿತ್ತು.

ಪ್ರೋಗ್ರಾಮು ಹಾಗೆ ತಟ್ಟನೆ ಸತ್ತಾಗ ಒಂದು ವಿಚಿತ್ರವಾಗುತ್ತದೆ. 'ಮೌಸು ಒತ್ತಿದಾಗ ನನಗೆ ಹೇಳು' ಎಂದು ಟರ್ಮಿನಲ್ಲಿಗೆ ಅಪ್ಪಣೆ ಕೊಟ್ಟಿದ್ದ ಪ್ರೋಗ್ರಾಮು 'ಇನ್ನು ಸಾಕು' ಎಂದು ಹೇಳದೆ ಹೋಗಿರುತ್ತದೆ. ಟರ್ಮಿನಲ್ಲು ಪಾಪ, ಹೇಳುತ್ತಲೇ ಇರುತ್ತದೆ. ಕೇಳುವವರಿಲ್ಲದ್ದರಿಂದ ಆ ಅಕ್ಷರಗಳೆಲ್ಲ ಪರದೆಯ ಮೇಲೇ ಚೆಲ್ಲುತ್ತವೆ: ಒಂದು ಕೊಕ್ಕೆ, ಒಂದು ಇಂಗ್ಲಿಷಿನ ಎಂ, ಆಮೇಲೆ ಆ ಮೂರು ಅಕ್ಷರ. ಒತ್ತಿದಷ್ಟು ಸಲವೂ ಒಂದು ಗುಂಪು. ಕಡಲಗಟ್ಟಿನಲ್ಲಿ ಅದಕ್ಕೆ ಏಡಿಹೆಜ್ಜೆ ಎನ್ನುತ್ತಾರೆ. ಕಂಡ ಕೂಡಲೇ ಒರೆಸಿಹಾಕುವ ಆಜ್ಞೆ ಕೊಡುವುದು ರೂಢಿ. ಅದನ್ನು ಓದಲು ಯಾರಿಗೆ ಬಿಡುವು?

ಅವಳಿಗೆ ಬಿಡುವಿತ್ತು. ಎಂದೂ ಇಲ್ಲದಷ್ಟಿತ್ತು. ಅಂದು ಪ್ರೋಗ್ರಾಮು ಸತ್ತಾಗ ಒರೆಸಲಿಲ್ಲ. ಗಲ್ಲಕ್ಕೆ ಎಡಗೈ ಕೊಟ್ಟು, ಬೇಸರಕ್ಕೆ ಒತ್ತುತ್ತ ಕೂತಳು. ತವರಿನಲ್ಲಿ ಕೆಸರಿನ ಮೇಲೆ ಏಡಿಯ ಜಾಡು ನೋಡಿ ಬಿಲ ಹುಡುಕುತ್ತಿದ್ದವಳು ಅವಳು. ಗೀರು ಯಾವ ಕಡೆ ಓರೆಯಾಗಿದೆ, ಎಲ್ಲಿ ಆಳವಾಗಿದೆ ಎಂದು ನೋಡಿದರೆ ಏಡಿ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಕಣ್ಣು ತಾನೇ ತಾನಾಗಿ ಜಾಡು ಹಿಡಿಯಿತು. ಎಡತುದಿಯ ಮೊದಲ ಚೌಕದಲ್ಲಿ ಒತ್ತಿದರೆ ನಡುವಿನ ಅಕ್ಷರ ಉದ್ಗಾರ ಚಿಹ್ನೆ. ಬಲಕ್ಕೆ ಹೋದಂತೆ ಅಂಕಿಗಳು, ಮೂವತ್ತಮೂರನೆಯದಕ್ಕೆ ದೊಡ್ಡ ಎ, ಆಮೇಲೆ ಬಿ, ಸಿ. ಇಂಗ್ಲಿಷ್ ಮುಗಿದ ಮೇಲೆ ಅವಳು ಕಾಣದ ಪರದೇಶದ ಅಕ್ಷರಗಳು, ಕೊಂಬಿನವು, ಬಾಲದವು.

"ಓಹೋ, ಸಾಲಾಗೇ ಹೋಗ್ತದಲ್ಲ ಇದು" ಎಂದುಕೊಂಡಳು.

ಬಲಕ್ಕೆ, ಇನ್ನೂ ಬಲಕ್ಕೆ. ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಒಂದು ವೈ ಬಂತು, ಥೇಟು ಕಣ್ಣೆತ್ತಿ ನೋಡುವ ಏಡಿಯಂತೆ. ಅದರ ಮುಂದಿನ ಚೌಕದಲ್ಲಿ ಒತ್ತಿದಳು. ಕೊಕ್ಕೆ ಬಂತು, ಎಂ ಬಂತು, ಗುಂಡಿಯ ಅಕ್ಷರ ಬಂತು, ಸಾಲಿನ ಅಕ್ಷರ ಬಂತು. ನಡುವೆ ಏನೂ ಇಲ್ಲ.

ಮತ್ತೆ ಒತ್ತಿದಳು. ಇಲ್ಲ. ಬಲತುದಿಯ ತನಕ ಒಂದೊಂದಾಗಿ ಒತ್ತುತ್ತ ಹೋದಳು. ಒಂದಕ್ಕೂ ಅಕ್ಷರವಿಲ್ಲ. ಹೆಜ್ಜೆ ಅಲ್ಲಿಗೇ ನಿಂತುಹೋಗಿತ್ತು. ಏಡಿ ಹಾರಿ ಹೋಗುವ ಪ್ರಾಣಿಯಲ್ಲವಷ್ಟೇ?

ನಾಗವೇಣಿ ಎದ್ದು ನಿಂತು ಬೆರಳಿನಿಂದ ಚೌಕಗಳನ್ನು ಎಣಿಸಿದಳು. ಎರಡು ಸಲ ತಪ್ಪಿತು, ಮೂರನೆಯ ಸಲ ಹೊಂದಿತು. ಕಣ್ಣೆತ್ತಿದ ವೈ ಇನ್ನೂರಿಪ್ಪತ್ತಮೂರನೆಯ ಚೌಕದಲ್ಲಿತ್ತು. 'ಎಲ್ಲ' ಎಂಬುದರ ಮೂರು ಕಳೆದರೆ ಇನ್ನೂರಿಪ್ಪತ್ತು. ಹಳೆಯ ಬಾಗಿಲುಗಳು ಅಲ್ಲಿಗೆ ಸರಿಯಾಗಿ ಮುಗಿಯುತ್ತಿದ್ದವು. ಅಲ್ಲಿಂದಾಚೆಗಿನವು ಹೊಸ ಹದಿನಾರು. ಅವಳು ಕೋಣೆಯಿಂದ ಹೊರಗೆ ಓಡಿದಳು.

ಗಣಪಯ್ಯ ಗುನಗ ಪಕ್ಕದ ಕೋಣೆಯಲ್ಲಿ ಎಲೆ ಅಗಿಯುತ್ತ ಪಾಳಿಗೆ ಕಾಯುತ್ತಿದ್ದ. ಕಡಲಗಟ್ಟಿನ ಅತಿ ಹಳಬ. ಮೌಸೆಂದರೆ ಮೂಗು ಮುರಿಯುವವನು, ಬಾಗಿಲಿನ ಸಂಖ್ಯೆಯನ್ನು ಕೀಲಿಮಣೆಯಲ್ಲೇ ಕುಟ್ಟುವವನು.

"ಗಣಪಯ್ಯಾ, ಹೊಸಾ ಬಾಗ್ಲು ನೀವು ಹೆಂಗೆ ತೆಗೀತಿದ್ರಿ?"

"ಹೆಂಗೆ ಅಂದ್ರೆ? ನಂಬರ್ ಕುಟ್ಟಿ. ನಿಮ್ಮಂಗೆ ಇಲಿ ಆಡಿಸೂಕೆ ನಂಗೆಂತ ಬೇರೆ ಕೆಲ್ಸ ಇಲ್ವ?"

"ಬೇರೆ ಯಾರಾದ್ರೂ ಮೌಸಿಂದ ತೆಗ್ದಿದ್ರಾ?"

ಗಣಪಯ್ಯ ಅಗಿಯುವುದನ್ನು ನಿಲ್ಲಿಸಿದ. ಹುಣ್ಣಿಮೆಗೆ ಮುಂಚೆ ಆ ಬಾಗಿಲುಗಳನ್ನು ತೆರೆದದ್ದು ಎರಡೇ ಸಲ. ಎರಡು ಸಲವೂ ಅವನದೇ ಪಾಳಿ. "ಇಲ್ಲ ಮಾರಾಯ್ತಿ. ಮೌಸ್ ಹಿಡ್ದು ತೆಗ್ದೋಳು ನೀನೇ ಮೊದ್ಲು. ಎಂತಕ್ಕೆ?"

ಅವಳು ಅವನ ತೋಳು ಹಿಡಿದು ಎಳೆದುಕೊಂಡೇ ಬಂದಳು. ತಾಲೀಮಿನ ಪ್ರೋಗ್ರಾಮನ್ನು ಹೊಸದಾಗಿ ಎಬ್ಬಿಸಿದಳು. ಒತ್ತಲು ಹೋಗಿ ತಡೆದಳು. "ನಾ ಒತ್ತೂದಿಲ್ಲ. ನನ್ ಕೈನ ಯಾರೂ ನಂಬೂದಿಲ್ಲ. ನೀವೇ ಒತ್ತಿ, ಇನ್ನೂರಿಪ್ಪತ್ತೊಂಬತ್ತು."

ಗಣಪಯ್ಯ ಮೌಸನ್ನು ಸತ್ತ ಹೆಗ್ಗಣ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ಬಾಣವನ್ನು ಬಲತುದಿಗೆ ಒಯ್ದು ಒತ್ತಿದ. 'ತೆರೆಯಲೇ?' ಗಂಟೆ ಬಡಿಯಿತು. ಹೌದು ಎಂದ. ಪರದೆಯ ಎಡತುದಿಯಲ್ಲಿ, ಬಾಣದಿಂದ ಮೂರು ಮೊಳ ದೂರದಲ್ಲಿ, 'ಎಲ್ಲ' ಎಂಬುದು ಹೊಳೆಯಿತು. ಬಾಗಿಲುಗಳನ್ನು ತೋರುವ ಇನ್ನೂರ ಮೂವತ್ತಾರು ಗೀಟುಗಳೂ ಒಟ್ಟಿಗೆ ಮೇಲೇಳತೊಡಗಿದವು.

"ಅಯ್ಯಯ್ಯೋ!" ಎಂದು ಗಣಪಯ್ಯ ಮೌಸನ್ನು ಕೈಬಿಟ್ಟ. ತಂತಿಯಿಲ್ಲದ ತಾಲೀಮಿನ ಯಂತ್ರವೆಂಬುದು ಅವನಿಗೆ ಮರೆತೇಹೋಗಿತ್ತು. ಓಡಿಹೋಗಿ ಕಿಟಕಿಯಲ್ಲಿ ಇಣುಕಿ, ಬಾಗಿಲುಗಳು ಮುಚ್ಚಿಯೇ ಇದ್ದದ್ದನ್ನು ನೋಡಿ ಉಸಿರುಬಿಟ್ಟ. ಆಮೇಲೆ ತಿರುಗಿ ನಾಗವೇಣಿಯ ಮುಖ ನೋಡಿದ. "ಹತ್ ದಿನ ನಾನೂ ನಿನ್ ಕೈನೇ ಅಂದ್ಕಂಡಿದ್ದೆ, ತಂಗೀ" ಎಂದ.

ಶುಕ್ರವಾರದ ತನಕ ಕಾಯುವುದು ಬೇಡವೆಂದು ಗಣಪಯ್ಯನೇ ಹಟ ಹಿಡಿದು ಮಿರ್ಜಿಯವರನ್ನು ಮಧ್ಯಾಹ್ನ ಊಟದಿಂದಲೇ ಎಬ್ಬಿಸಿ ಕರೆತಂದ. ಅವರು ನಿಂತುಕೊಂಡೇ ಎಲ್ಲ ಕೇಳಿದರು. ಆಮೇಲೆ ತಾವೇ ಕೂತು ಒತ್ತಿದರು. ಒಂದಲ್ಲ, ಹದಿನಾರು ಬಾಗಿಲನ್ನೂ ಒತ್ತಿದರು. ಹದಿನಾರು ಸಲವೂ 'ಎಲ್ಲ' ಹೊಳೆಯಿತು. ಅವರು ತಮ್ಮ ಬಲಗೈಯನ್ನು ಎತ್ತಿ, ಬೆರಳು ಅಗಲಿಸಿ ನೋಡಿಕೊಂಡರು.

"ನನ್ನ ಕೈಯಂತೂ ನಡಗೂದಿಲ್ರಿ" ಎಂದರು.

ಕಾರಣ ಹುಡುಕಲು ಅವರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಹಳೆಯ ಪದ್ಧತಿಯಲ್ಲಿ ಚೌಕದ ಸಂಖ್ಯೆಗೆ ಒಂದೇ ಅಕ್ಷರ. ಅಂಥ ಅಕ್ಷರಗಳ ಎಣಿಕೆ ಇನ್ನೂರ ಐವತ್ತೈದಕ್ಕೆ ಮುಗಿಯುತ್ತದೆ, ಮೊದಲ ಮೂವತ್ತೆರಡು ಬರೆಯಲು ಬಾರದಂಥವು. ಉಳಿಯುವುದು ಇನ್ನೂರಿಪ್ಪತ್ತಮೂರು. ಅದಕ್ಕಿಂತ ಆಚೆ ಒತ್ತಿದರೆ ಟರ್ಮಿನಲ್ಲಿನ ಬಳಿ ಹೇಳಲು ಅಕ್ಷರವಿಲ್ಲ, ಸೊನ್ನೆ ಕಳಿಸುತ್ತದೆ. ಸೊನ್ನೆಯೆಂದರೆ ಎಡತುದಿಯಿರಬೇಕೆಂದು ಪ್ರೋಗ್ರಾಮು ತಾನೇ ತೀರ್ಮಾನಿಸಿ 'ಎಲ್ಲ' ಎಂಬುದನ್ನು ಆಡಿಸುತ್ತದೆ. ಮೊದಲು ಕಟ್ಟಿದವರಿಗೆ ಇದು ತಿಳಿದೇ ಇನ್ನೂರಿಪ್ಪತ್ತಕ್ಕೆ ನಿಲ್ಲಿಸಿದ್ದರೋ ಏನೋ. ಹೊಸದನ್ನು ಸೇರಿಸಿದವರು ಪರದೆಯನ್ನು ಅಗಲ ಮಾಡಿದರು, ಅಷ್ಟೇ.

"ಮತ್ತೆ ದಾಖಲೆ?" ಎಂದು ಗಣಪಯ್ಯ ಕೇಳಿದ.

ಮಿರ್ಜಿ ಅಂದಿನ ದಾಖಲೆಯ ಮೂಲವನ್ನೇ ತೆಗೆಸಿದರು. ತನಿಖೆಗೆ ಕೊಟ್ಟಿದ್ದ ಪ್ರತಿಯಲ್ಲಿ ಅಚ್ಚಾಗದ ಅಕ್ಷರಗಳನ್ನು ಕಸವೆಂದು ತೆಗೆದುಹಾಕಿ, ಪ್ರೋಗ್ರಾಮು ಮಾಡಿದ ತೀರ್ಮಾನವನ್ನಷ್ಟೇ ಉಳಿಸಿದ್ದರು. ಮೂಲದಲ್ಲಿ ಹನ್ನೊಂದು ನಲವತ್ತಾರಕ್ಕೆ ಗುಂಡಿಯ ಅಕ್ಷರವಿತ್ತು, ಸಾಲಿನ ಅಕ್ಷರವಿತ್ತು, ನಡುವೆ ಸೊನ್ನೆಯಿತ್ತು. ಬಾಣ ನಿಜವಾಗಿ ಎಡತುದಿಯಲ್ಲಿದ್ದಿದ್ದರೆ ಅಲ್ಲಿ ಉದ್ಗಾರ ಚಿಹ್ನೆಯೋ ಅದರ ಪಕ್ಕದವೋ ಇರಬೇಕಿತ್ತು.

"ಇದಕ್ಕ ಹೊಸಾ ಪದ್ಧತಿ ಬಂದು ಭಾಳ ವರ್ಷ ಆತ್ರಿ" ಎಂದರು ಮಿರ್ಜಿ, ಕನ್ನಡಕ ತೆಗೆದು ಕಣ್ಣುಜ್ಜುತ್ತ. "ಒಂದಕ್ಷರದ ಬದಲಿ ಸಂಖ್ಯಾನ ಪೂರಾ ಬರದು ಕಳಸತೈತಿ. ಎರಡುನೂರಾ ಮೂವತ್ತೆರಡನೇ ಚೌಕ ಅಂತ ಬಿಡಿಸಿ. ನಮ್ಮ ಟರ್ಮಿನಲ್ಲಿಗೂ ಅದು ಬರತೈತಿ. ಶುರುವಿಗೆ ಪ್ರೋಗ್ರಾಮು ಒಂದು ಮಾತು ಕೇಳಿದ್ರ ಸಾಕಿತ್ತು. ಯಾರೂ ಕೇಳ್ಸಿಲ್ಲ."

ನಾಗವೇಣಿ ಅಲ್ಲಿಯ ತನಕ ಗೋಡೆಗೆ ಒರಗಿ ನಿಂತಿದ್ದಳು. ಈಗ ಮುಂದೆ ಬಂದಳು. "ಒಂದು ಬರ್ಕಳಿ ಮೇಡಂ. 'ತೆರೆಯಲೇ' ಅಂತ ಕೇಳಿದಾಗ ನಾನು ಪರದೆ ನೋಡಿರ್ಲಿಲ್ಲ. ನೋಡಿದ್ರೆ 'ಎಲ್ಲ' ಹೊಳಿಯೂದು ಕಾಣ್ತಿತ್ತು. ಅದು ನನ್ ತಪ್ಪೇ."

"ನೀರು ನೋಡ್ಬೇಕು ಅಂತ ನಾವೇ ಕಲ್ಸಿದ್ದು!" ಎಂದು ಗಣಪಯ್ಯ ಸಿಡುಕಿದ.

"ಎರಡೂ ಬರೀತೇನ್ರಿ" ಎಂದರು ಮಿರ್ಜಿ. ಬರೆದರು. ಆಮೇಲೆ, "ಹತ್ತು ದಿನ ನಿಮ್ಮ ಕೈ ಅಳದ್ವಿ. ಯಂತ್ರ ಅಳೀಲಿಲ್ಲ. ಅದು ನಮ್ಮ ತಪ್ಪು. ಅದನ್ನೂ ಬರೀತೇನಿ" ಎಂದರು.

ಹೊಸ ಪದ್ಧತಿ ಬರುವ ತನಕ ಆ ಹದಿನಾರು ಬಾಗಿಲನ್ನು ಎಲ್ಲರೂ ಸಂಖ್ಯೆ ಕುಟ್ಟಿಯೇ ತೆರೆಯಬೇಕು, 'ತೆರೆಯಲೇ' ಎಂಬುದರ ಮುಂದೆ ಯಾವ ಬಾಗಿಲೆಂದು ಬರೆದಿರಬೇಕು, ಇಬ್ಬರು ಕೂತಿರಬೇಕು, ಒಬ್ಬರ ಕಣ್ಣು ನೀರಿಗೆ, ಇನ್ನೊಬ್ಬರದು ಪರದೆಗೆ ಎಂದು ಶುಕ್ರವಾರ ಆದೇಶವಾಯಿತು. ಅಮಾವಾಸ್ಯೆಯ ಉಬ್ಬರಕ್ಕೆ ನಾಗವೇಣಿ ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಗಣಪಯ್ಯ. ಬಾಗಿಲುಗಳು ಹೇಳಿದಷ್ಟೇ ತೆರೆದವು, ಹೇಳಿದಷ್ಟೇ ಮುಚ್ಚಿದವು. ಚೀಲದಲ್ಲಿದ್ದ ರಾಜೀನಾಮೆಯಲ್ಲಿ ಗಣಪಯ್ಯ ಎಲೆ ಸುತ್ತಿಕೊಂಡು ಹೋದ.

ಮನೆಯಲ್ಲಿ ಅವಳು ಇದನ್ನೆಲ್ಲ ಬಿಡಿಸಿ ಹೇಳಿದಳು. ಮಂಕಾಳಿಗೆ ಚೌಕವೂ ತಿಳಿಯಲಿಲ್ಲ, ಸೊನ್ನೆಯೂ ತಿಳಿಯಲಿಲ್ಲ. ಕಣ್ಣೆತ್ತಿದ ಏಡಿಯ ತನಕ ತಲೆಯಾಡಿಸಿ, ಆಮೇಲೆ ಒಲೆಯ ಕಡೆ ತಿರುಗಿಕೊಂಡಳು. ಗಂಜಿಯನ್ನು ಅವಳೇ ಇಳಿಸಿದಳು. ನಾಗವೇಣಿಯ ಮುಖ ಸಣ್ಣಗಾಯಿತು. ಕುರ್ಚಿ ಬಂದರೂ ಮನೆಯೊಳಗೆ ಕೈ ವಾಪಸು ಬಂದಿರಲಿಲ್ಲ.

ಅಮಾವಾಸ್ಯೆಯ ಉಬ್ಬರ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಎರಡನೆಯ ಬಿತ್ತನೆ. ನಡುವೆ ಹೊಯ್ದ ಮಳೆ ಗದ್ದೆಯ ಉಪ್ಪು ತೊಳೆದಿತ್ತು. ಮಂಕಾಳಿ ಮೊಳಕೆ ಬಂದ ಬೀಜದ ಬುಟ್ಟಿಯನ್ನು ಸೊಂಟದ ಮೇಲೆ ಹೊತ್ತು ಕೆಸರಿಗಿಳಿದಳು. ಕಗ್ಗ ಬಿತ್ತುವುದು ಕೈಯ ಹದದ ಕೆಲಸ. ಒಂದೆಡೆ ರಾಶಿ ಬಿದ್ದರೆ ಇನ್ನೊಂದೆಡೆ ಬರಿದು. ಅರವತ್ತು ವರ್ಷದಿಂದ ಆ ಗದ್ದೆಯಲ್ಲಿ ಅವಳಲ್ಲದೆ ಬೇರೆಯವರು ಬಿತ್ತಿದ್ದಿಲ್ಲ. ನಾಗವೇಣಿ ಬದುವಿನ ಮೇಲೆ, ಕೈಯನ್ನು ಸೆರಗಿನೊಳಗಿಟ್ಟು ನಿಂತಿದ್ದಳು.

"ಅಲ್ಲೇ ನಿಂತು ಎಂತ ಮಾಡ್ತಿ?" ಎಂದಳು ಮಂಕಾಳಿ. "ಇಳಿ ಕೆಳ್ಗೆ."

ಇಳಿದಳು. ಅತ್ತೆ ಬುಟ್ಟಿಯನ್ನು ತನ್ನ ಸೊಂಟದಿಂದ ತೆಗೆದು ಅವಳ ಸೊಂಟಕ್ಕೆ ಆನಿಸಿದಳು. "ಈ ಸಲ ನೀ ಬಿತ್ತು."

"ಅತ್ತೇ, ನನ್ ಕೈ..." ಎಂದಳು ನಾಗವೇಣಿ. ನಡುಕ ಅವಳಲ್ಲಿ ಇದ್ದೇ ಇತ್ತು. ಡಾಕ್ಟರು ಬರೆದದ್ದು ಸುಳ್ಳಲ್ಲವಲ್ಲ. ಬುಟ್ಟಿಗೆ ಇಳಿಸಿದ ಮುಷ್ಟಿ ಎಲ್ಲರಿಗೂ ಕಾಣುವಂತೆ ಅದುರುತ್ತಿತ್ತು. ಕಣ್ಣೂ ತುಂಬಿತ್ತು.

ಮಂಕಾಳಿ ಆ ಕೈಯನ್ನು ನೋಡಿದಳು. ಈ ಸಲ ಅದರಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

"ನಡುಗ್ಲಿ ಬಿಡೇ" ಎಂದಳು. "ಬೀಜ ಚಲೋ ಹರಡ್ತದೆ."